ಯುದ್ಧಕಾಲದ ‘ಕಾರ್ಟೆಲ್’ ಹಡಗಿಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಎರಡನೆಯ ಮಹಾಯುದ್ಧವನ್ನು ಕುರಿತ ಬರಹವೊಂದನ್ನು ಇಲ್ಲಿ ಕೊಪ್ಪಳದಲ್ಲಿ ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಕಾರ್ಟೆಲ್ ಹಡಗು’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಕಾದಾಡುತ್ತಿರುವ ಎರಡು ದೇಶಗಳು ತಮ್ಮಲ್ಲಿ ಸಿಕ್ಕಿಬಿದ್ದವರನ್ನು ಪರಸ್ಪರ ಬಿಟ್ಟುಕೊಡಲು ಒಪ್ಪಿ, ಅವರನ್ನು ಸಾಗಿಸಲು ಗೊತ್ತುಮಾಡಿದ ಹಡಗಿಗೆ ಈ ಹೆಸರು. ಹಾಯಿಹಡಗುಗಳ ಕಾಲದಲ್ಲಿ ಅದು ಬಿಳಿ ಬಾವುಟ ಕಟ್ಟಿ, ಸಂಕೇತಕ್ಕೆಂದು ಒಂದೇ ತೋಪು ಉಳಿಸಿಕೊಂಡು, ವ್ಯಾಪಾರದ ಸರಕು ಹೇರದೆ ಸಾಗಬೇಕಿತ್ತು. ಈ ಕಟ್ಟಳೆಗಳನ್ನು ಮೀರದಿದ್ದರೆ ಶತ್ರು ಅದನ್ನು ಹಿಡಿಯುವಂತಿರಲಿಲ್ಲ.

ನಮ್ಮ ಪತ್ರಿಕೆಗಳಲ್ಲಿ ಕಾರ್ಟೆಲ್ ಎಂದರೆ ತೈಲದ ಕೂಟ, ಇಲ್ಲವೇ ಮಾದಕವಸ್ತುಗಳ ಜಾಲ. ಹಾಗಾಗಿ ಪದವನ್ನು ಇದ್ದಂತೆಯೇ ಉಳಿಸಿಕೊಂಡರೆ ಓದುಗರು ಕಳ್ಳಸಾಗಣೆಯ ಹಡಗೆಂದೇ ತಿಳಿದಾರು. ಮೂಲದಲ್ಲಿ ಅದು ಇಟಲಿಯ ‘ಕಾರ್ತೆಲ್ಲೊ’, ಅಂದರೆ ಕಾಗದದ ಚೀಟಿ. ಮುಂದೆ ಸೆರೆಯಾಳುಗಳ ವಿನಿಮಯಕ್ಕೆ ವೈರಿಗಳು ಬರೆದುಕೊಂಡ ಕರಾರಿಗೂ ಆ ಹೆಸರಾಯಿತು. ವ್ಯಾಪಾರಿಗಳ ಕೂಟವೆಂಬ ಅರ್ಥ ಬಹಳ ತಡವಾಗಿ, ಜರ್ಮನ್ ಭಾಷೆಯ ಮೂಲಕ ಬಂದದ್ದು.

‘ಕೈದಿ ವಿನಿಮಯ ನೌಕೆ’ ಎನ್ನೋಣವೆಂದರೆ ‘ಕೈದಿ’ ಒಪ್ಪುವುದಿಲ್ಲ. ಬಳ್ಳಾರಿ, ಹೊಸಪೇಟೆಯ ಅದಿರು ರೈಲಿನಲ್ಲಿ ನಮ್ಮೂರನ್ನು ಹಾದು ತಲುಪುತ್ತಿದ್ದ ಮಾರ್ಮಗೋವಾ ಬಂದರಿನಲ್ಲಿಯೇ 1943ರ ಅಕ್ಟೋಬರಿನಲ್ಲಿ ಇಂಥದೊಂದು ವಿನಿಮಯ ನಡೆಯಿತು. ಪೋರ್ಚುಗಲ್ ತಟಸ್ಥವಾಗಿದ್ದುದರಿಂದ ಗೋವಾ ಎರಡೂ ಪಕ್ಷಗಳಿಗೆ ಒಪ್ಪಿಗೆಯಾಯಿತು. ಅಮೆರಿಕ ಬಾಡಿಗೆಗೆ ಪಡೆದಿದ್ದ ಸ್ವೀಡನ್ನಿನ ‘ಗ್ರಿಪ್ಸ್‌ಹೋಲ್ಮ್’ ಜಪಾನೀಯರನ್ನು ತಂದರೆ, ಜಪಾನಿನ ‘ತೇಯಾ ಮಾರು’ ಅಮೆರಿಕ, ಕೆನಡಾ ಮೊದಲಾದ ದೇಶಗಳವರನ್ನು ತಂದಿತು. ಒಂದೊಂದು ಕಡೆಯೂ ಸುಮಾರು 1,500 ಜನ. ಅವರಲ್ಲಿ ಪಾದ್ರಿಗಳು, ವರ್ತಕರು, ಹೆಂಗಸರು, ಮಕ್ಕಳು ಇದ್ದರು. ಇವರನ್ನು ಕೈದಿಗಳೆಂದು ಬರೆಯಲು ನನಗೆ ಮನಸ್ಸಿಲ್ಲ.

‘ಸಾಟಿ ಹಡಗು’ ಹೇಗೆ? ಸಾಟಿ ವ್ಯಾಪಾರದಂತೆ ತಲೆಗೆ ತಲೆ ಎಣಿಸುವ ಲೆಕ್ಕ ಇದರಲ್ಲಿ ನಿಜಕ್ಕೂ ಇತ್ತು. ಅಮೆರಿಕದ ಅಂತರ್ಯುದ್ಧದಲ್ಲಿ, 1862ರ ಕರಾರಿನ ಪ್ರಕಾರ, ಒಬ್ಬ ಪ್ರಧಾನ ಸೇನಾಪತಿಗೆ 60 ಜನ ಸಾಮಾನ್ಯ ಸಿಪಾಯಿಗಳು ಸಮ. ಆದರೆ ‘ಸಾಟಿಯಿಲ್ಲದ’ ಎಂಬ ಬಳಕೆಯೇ ಮೊದಲು ಕಿವಿಗೆ ಬೀಳುವುದರಿಂದ ‘ಸಾಟಿ ಹಡಗು’ ಸರಿಜೋಡಿ ಹಡಗು ಎಂದಾಗಿಬಿಡುತ್ತದೆ.

ನನ್ನ ಒಲವು ‘ಕೌಲು’ ಪದದ ಕಡೆಗೆ. ಅರಬ್ಬಿಯ ‘ಮಾತು’ ಎಂಬರ್ಥದ ಪದದಿಂದ ಬಂದ ಇದಕ್ಕೆ ದಖ್ಖನಿನಲ್ಲಿ ಗುತ್ತಿಗೆಯ ಕರಾರು ಎಂಬ ಅರ್ಥವಲ್ಲದೆ, ‘ನಿನಗೆ ಅಪಾಯ ಮಾಡುವುದಿಲ್ಲ’ ಎಂದು ಬರೆದುಕೊಟ್ಟ ಅಭಯ ಎಂಬ ಅರ್ಥವೂ ಇತ್ತು. ಕರಾರು, ಅಭಯ ಎರಡೂ ಒಂದೇ ಪದದಲ್ಲಿ ಕೂಡಿವೆ. ಹಡಗನ್ನು ಕಾಯುತ್ತಿದ್ದುದೂ ಅವೇ. ಒಂದು ತೊಡಕಿದೆ. ಅಭಯ ಪಡೆದ ಹಡಗುಗಳೆಲ್ಲ ವಿನಿಮಯದವಲ್ಲ: 1945ರ ಏಪ್ರಿಲ್ 1ರಂದು ಅಮೆರಿಕದ ಜಲಾಂತರ್ಗಾಮಿ ಮುಳುಗಿಸಿದ ‘ಆವಾ ಮಾರು’ವಿಗೂ ಅಭಯವಿತ್ತು, ಆದರೆ ಅದು ಸೆರೆಯಲ್ಲಿದ್ದವರಿಗೆ ಪರಿಹಾರ ಸಾಮಗ್ರಿ ಒಯ್ಯಲು ಹೊರಟದ್ದು. ಆದ್ದರಿಂದ ಮೊದಲ ಬಾರಿ ‘ವಿನಿಮಯದ ಕೌಲು ಹಡಗು’ ಎಂದು ಬರೆದು, ಮುಂದೆ ‘ಕೌಲು ಹಡಗು’ ಎನ್ನಬಹುದೇನೋ.

ರಾಯಚೂರು, ಬಳ್ಳಾರಿ ಕಡೆಯ ಹಳೆಯ ಕಾಗದಪತ್ರಗಳನ್ನು ಬಲ್ಲವರು, ‘ಕೌಲು’ ಅಭಯದ ಅರ್ಥದಲ್ಲಿ ಬಳಕೆಯಾದ ಕನ್ನಡ ವಾಕ್ಯಗಳನ್ನು ಕಂಡಿದ್ದರೆ ತಿಳಿಸಬೇಕು. ಇಂದಿನ ಓದುಗರಿಗೆ ಅದು ಬರಿಯ ಹೊಲದ ಗುತ್ತಿಗೆಯಾಗಿ ಉಳಿದಿದೆಯೇ?