ಅಪ್‌ಡೇಟ್: ಓಪನ್‌ಸಿಪಿಎನ್‌ನಲ್ಲಿ ಜಿಪಿಎಸ್ ಸರಿಯಾಯ್ತು, ಅಳಿವೆ ಮಾತ್ರ ಬೇರೆ ವಿಷಯ

ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಮಲ್ಪೆಯ ನಮ್ಮ ಚಿಕ್ಕ ದೋಣಿಯ ಲ್ಯಾಪ್‌ಟಾಪ್‌ನಲ್ಲಿ ಓಪನ್‌ಸಿಪಿಎನ್ (ಕಡಲ ನಕ್ಷೆಯ ಮೇಲೆ ದೋಣಿ ಎಲ್ಲಿದೆ ಅಂತ ತೋರಿಸುವ ತಂತ್ರಾಂಶ) ಹಾಕಿದರೂ ದೋಣಿಯ ಗುರುತು ಕದಲುತ್ತಿಲ್ಲ ಅಂತ ಕೇಳಿದ್ದೆ. ಯುಎಸ್‌ಬಿ ಜಿಪಿಎಸ್ಸನ್ನು ಬೇರೆ ಪೋರ್ಟ್‌ಗೆ ಹಾಕಿದಾಗ ವಿಂಡೋಸ್ ಅದಕ್ಕೆ ಹೊಸ ಕಾಮ್ ನಂಬರ್ (ಪೋರ್ಟಿನ ಗುರುತು ಸಂಖ್ಯೆ) ಕೊಟ್ಟಿತ್ತು. ಕನೆಕ್ಷನ್ಸ್‌ನಲ್ಲಿ ಆ ನಂಬರ್ ಆರಿಸಿ, ಬಾಡ್ ರೇಟ್ (ಮಾಹಿತಿ ಹರಿಯುವ ವೇಗ) 4800 ಇಟ್ಟ ಕೂಡಲೇ ಗುರುತು ಚಲಿಸತೊಡಗಿತು.

ಚಾರ್ಟ್, ಅಂದರೆ ಕಡಲ ನಕ್ಷೆಯ ವಿಷಯ ಅಷ್ಟು ಸುಲಭವಲ್ಲ. ತಂತ್ರಾಂಶ ಉಚಿತ, ಆದರೆ ನಮ್ಮ ಕರಾವಳಿಯ ಅಧಿಕೃತ ಚಾರ್ಟ್ ತಯಾರಿಸುವುದು ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿ. ಅದನ್ನು ದುಡ್ಡು ಕೊಟ್ಟೇ ಪಡೆಯಬೇಕು. ಅಮೆರಿಕದ ಸಾಗರ-ಹವಾಮಾನ ಸಂಸ್ಥೆ ನೋವಾದ ಚಾರ್ಟ್‌ಗಳು ಉಚಿತ ನಿಜ, ಅವು ಅಲ್ಲಿನ ನೀರಿಗೆ ಮಾತ್ರ.

ಅಳಿವೆಯಲ್ಲಿ (ನದಿ ಕಡಲು ಸೇರುವ ಬಾಯಿ) ಚಾರ್ಟ್ ನಂಬಬೇಡಿ ಅಂತ ಎಚ್ಚರಿಸಿದವರ ಮಾತು ನೂರಕ್ಕೆ ನೂರು ನಿಜ. ಪ್ರತಿ ಮಳೆಗಾಲ ಮರಳು ದಿಬ್ಬ ಜಾಗ ಬದಲಿಸುತ್ತದೆ, ಚಾರ್ಟಿನ ಆಳ ಹಳೇ ಸರ್ವೆಯದ್ದು. ಸ್ಕ್ರೀನನ್ನು ಎಷ್ಟೇ ಜೂಮ್ ಮಾಡಿದರೂ ಹೊಸ ವಿವರ ಹುಟ್ಟುವುದಿಲ್ಲ. ಮೂಲೆಯಲ್ಲಿ ‘ಓವರ್‌ಜೂಮ್’ ಅಂತ ಬಂದರೆ ದಯವಿಟ್ಟು ನಂಬಬೇಡಿ. ಅಳಿವೆಯಲ್ಲಿ ನಾನು ಎಕೋ ಸೌಂಡರ್ (ಸದ್ದಿನಿಂದ ಆಳ ಅಳೆಯುವ ಸಾಧನ) ನೋಡಿಕೊಂಡು, ಭರತದ ಹೊತ್ತಲ್ಲೇ ದಾಟುತ್ತೇನೆ. ದಾಟಿದ ಟ್ರ್ಯಾಕ್ ಜಿಪಿಎಕ್ಸ್ ಫೈಲಾಗಿ (ಜಿಪಿಎಸ್ ದಾರಿ ಉಳಿಸುವ ಫೈಲ್) ಉಳಿಸಿದ್ದೇನೆ, ಬೇಕಾದವರು ಕೇಳಿ.