ಪದಚರ್ಚೆ: ಕ್ಲಿಪ್ ಹಾಕಿಸಿದ ಹಲ್ಲಿನಲ್ಲಿ ಆಗುವುದು ‘ಉರಿಯೂತ’ವೇ?

ಮಾನ್ಯರೇ,

ಹಲ್ಲಿಗೆ ಕ್ಲಿಪ್ ಹಾಕಿಸಿಕೊಳ್ಳುವವರಿಗೆ ಕೊಡುವ ಮಾಹಿತಿಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅದು ಮುದ್ರಣಕ್ಕೆ ಹೋಗಬೇಕು. ಹಲ್ಲಿನ ಬೇರಿಗೂ ದವಡೆಯ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪೊರೆಯಿದೆ. ತಂತಿಯ ಬಲ ಬಿದ್ದಾಗ ಅದರ ಜೀವಕೋಶಗಳು ಇಂಟರ್‌ಲ್ಯೂಕಿನ್-1 ಬೀಟಾ, ಪ್ರೋಸ್ಟಗ್ಲಾಂಡಿನ್ ಇ2 ಮೊದಲಾದ ರಾಸಾಯನಿಕಗಳನ್ನು ಹೊರಬಿಡುತ್ತವೆ. ಇವುಗಳ ಪ್ರಭಾವದಿಂದ ಅದೇ ಜೀವಕೋಶಗಳು ರ‍್ಯಾಂಕ್‌ಎಲ್ ಎಂಬ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುವುದರಿಂದ, ಒತ್ತಡ ಬಿದ್ದ ಕಡೆ ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್‌ಗಳು ಹುಟ್ಟಿಕೊಳ್ಳುತ್ತವೆ, ಎಳೆತದ ಕಡೆ ಹೊಸ ಮೂಳೆ ಕೂಡುತ್ತದೆ, ಹಲ್ಲು ಜರುಗುತ್ತದೆ. ಈ ರಾಸಾಯನಿಕಗಳನ್ನು ನಾನು ‘ಉರಿಯೂತದ ಸಂಕೇತಗಳು’ ಎಂದು ಬರೆದೆ. ಕರಡನ್ನು ಓದಿದ ನಮ್ಮ ಅತ್ತಿಗೆ, ಮಗಳಿಗೆ ಕಳೆದ ತಿಂಗಳಷ್ಟೇ ಕ್ಲಿಪ್ ಹಾಕಿಸಿದವರು, “ಹಾಗಾದರೆ ಒಸಡಿನಲ್ಲಿ ಕೀವು ಕಟ್ಟುತ್ತದೆಯೇ?” ಎಂದು ಗಾಬರಿಯಾದರು. ಇಲ್ಲಿ ಸೋಂಕೂ ಇಲ್ಲ, ಕೀವೂ ಇಲ್ಲ. ಬೇರೆ ಪದವಿದೆಯೇ? ಆ ಪೊರೆಗೆ ಪಠ್ಯಪುಸ್ತಕದ ‘ಅಸ್ಥಿರಜ್ಜು’ ಸಲ್ಲುತ್ತದೆಯೇ?

ಉತ್ತರ:

ಸಲ್ಲದು. ಅಸ್ಥಿರಜ್ಜು ಮೂಳೆಗೆ ಮೂಳೆಯನ್ನು ಕಟ್ಟುವಂಥದು, ಹಲ್ಲು ಮೂಳೆಯಲ್ಲ. ‘ಉರಿಯೂತ’ವನ್ನು ಮಾತ್ರ ಬಿಡಬೇಡಿ, ಉರಿಯೂ ಊತವೂ ಅಚ್ಚಗನ್ನಡ. ನಮ್ಮ ಊತ ‘ಊದು’ವಿನಿಂದ ಬಂದದ್ದು. ಹಿಂದಿಯವರು ಅಂಗಾಂಶಕ್ಕೆ ಹೇಳುವ ‘ಊತಕ’ದಲ್ಲಿರುವ ಊತ ಸಂಸ್ಕೃತದ್ದು, ನೇಯ್ದದ್ದು ಎಂದು ಅದರ ಅರ್ಥ. ಈ ಭೇದವನ್ನರಿಯದೆ ‘ಊತಕದ ಉರಿಯೂತ’ ಎಂದು ಬರೆದವರನ್ನೂ ನಾನು ಕಂಡಿದ್ದೇನೆ. ಇನ್ನು ‘ಸಂಕೇತ’ವೇಕೆ? ‘ಸನ್ನೆ’ ಎಂಬ ನಮ್ಮದೇ ಮಾತಿರುವಾಗ ಸಂಸ್ಕೃತದ ಬಾಗಿಲು ತಟ್ಟಬೇಕಿಲ್ಲ.

ಉತ್ತರ:

‘ಸನ್ನೆ’ ಸಂಸ್ಕೃತದ ‘ಸಂಜ್ಞೆ’ಯ ತದ್ಭವ. ಬಾಗಿಲು ತಟ್ಟಿ ಆಗಿದೆ. ಉರಿಯೂತದ ಬದಲು ‘ಪ್ರದಾಹ’ ಬಳಸಿದರೆ ಶಾಸ್ತ್ರೀಯವಾಗಿಯೂ ಇರುತ್ತದೆ, ಊತದ ಗೊಂದಲವೂ ಇರುವುದಿಲ್ಲ. ಇಂಟರ್‌ಲ್ಯೂಕಿನ್‌ನಂಥ, ಕೋಶದಿಂದ ಕೋಶಕ್ಕೆ ಸುದ್ದಿ ಮುಟ್ಟಿಸುವ ಪ್ರೋಟೀನುಗಳಿಗಿರುವ ಸೈಟೊಕೈನ್ ಎಂಬ ಹೆಸರಿನ ಗ್ರೀಕ್ ಮೂಲದಲ್ಲಿ ಕೋಶವೂ ಚಲನೆಯೂ ಇರುವುದರಿಂದ ‘ಕೋಶಚಾಲಕ’ ಎನ್ನಬಹುದು.

ಉತ್ತರ:

ಕನ್ನಡದಲ್ಲಿ ದಾಹವೆಂದರೆ ಬಾಯಾರಿಕೆ. ‘ಪ್ರದಾಹ’ ಎಂದು ಓದಿದವನು ಒಂದು ಚೊಂಬು ನೀರು ಕುಡಿದು ಸುಮ್ಮನಾಗುತ್ತಾನೆ. ‘ಕೋಶಚಾಲಕ’ನಿಗೆ ಲೈಸೆನ್ಸ್ ಯಾರು ಕೊಡುತ್ತಾರೋ ತಿಳಿಯದು. ವ್ಯುತ್ಪತ್ತಿಯನ್ನು ಅನುವಾದಿಸುವ ಈ ಚಟಕ್ಕೆ ಇಂಟರ್‌ಲ್ಯೂಕಿನ್ ಒಳ್ಳೆಯ ಉತ್ತರ. ಬಿಳಿರಕ್ತಕಣಗಳ ನಡುವೆ ಓಡಾಡುವಂಥದು ಎಂಬ ತಿಳಿವಳಿಕೆಯಿಂದ 1979ರಲ್ಲಿ ಆ ಹೆಸರಿಟ್ಟರು. ಆದರೆ ಈ ಪೊರೆಯ ನಾರುಜನಕ ಕೋಶಗಳೂ ಅದನ್ನು ತಯಾರಿಸುತ್ತವೆ. ಮೂಲದಲ್ಲೇ ಅರ್ಥ ಕಳಚಿಕೊಂಡ ಹೆಸರನ್ನು ಬಿಡಿಸಿ ಕನ್ನಡಿಸಿದರೆ ಅವರ ತಪ್ಪು ನಮ್ಮದೂ ಆಗುತ್ತದೆ. ಇಂಟರ್‌ಲ್ಯೂಕಿನ್ ಎಂದೇ ಬರೆಯಿರಿ.

ಉರಿಯೂತವನ್ನು ಉಳಿಸಿಕೊಳ್ಳಲು ಅಚ್ಚಗನ್ನಡಕ್ಕಿಂತ ಗಟ್ಟಿಯಾದ ಕಾರಣವಿದೆ. ತಂತಿ ಬಿಗಿಮಾಡಿದ ಮೊದಲ ಎರಡು ಮೂರು ದಿನ ಹಲ್ಲು ನೋಯುತ್ತದೆ. ಆಗ ಮೆಡಿಕಲ್ ಶಾಪಿನಿಂದ ಐಬುಪ್ರೊಫೇನ್ ತಂದು ನುಂಗುತ್ತಲೇ ಇದ್ದರೆ, ಅದು ಪ್ರೋಸ್ಟಗ್ಲಾಂಡಿನ್ ತಯಾರಿಕೆಯನ್ನೇ ತಡೆಯುವುದರಿಂದ ಹಲ್ಲು ಜರುಗುವುದು ನಿಧಾನವಾಗಬಹುದು. ಪ್ಯಾರಾಸಿಟಮಾಲ್ ವಾಸಿ ಎಂದು ವೈದ್ಯರು ಹೇಳುವುದು ಇದಕ್ಕೇ. ಐಬುಪ್ರೊಫೇನ್‌ನಂಥ ಗುಳಿಗೆಗಳನ್ನು ‘ಉರಿಯೂತ ಶಮನಕಾರಿ’ ಎನ್ನುತ್ತೇವೆ. ನಿಮ್ಮ ಮಾಹಿತಿಪತ್ರದಲ್ಲಿ ಉರಿಯೂತ ಎಂಬ ಮಾತೇ ಇಲ್ಲದಿದ್ದರೆ ಯಾವುದನ್ನು ಏಕೆ ಕೇಳದೆ ನುಂಗಬಾರದು ಎಂಬುದು ಓದುಗರಿಗೆ ಹೊಳೆಯುವುದು ಹೇಗೆ?

ಪ್ರಶ್ನೆ ಕೇಳಿದವಳಿಂದ:

ಗುಳಿಗೆಯ ಮಾತು ನನಗೆ ತೋಚಿರಲಿಲ್ಲ, ಧನ್ಯವಾದಗಳು. ಅಂತಿಮ ವಾಕ್ಯ ಹೀಗಿದೆ: “ತಂತಿಯ ಬಲ ಬಿದ್ದಾಗ ಹಲ್ಲಿನ ಬೇರಿನ ಸುತ್ತಲ ನಾರಿನ ಪೊರೆಯಲ್ಲಿ ಸೋಂಕಿಲ್ಲದ, ಕೀವಾಗದ ಸಣ್ಣ ಉರಿಯೂತ ಉಂಟಾಗುತ್ತದೆ; ಮೂಳೆ ಕರಗಲು ಸನ್ನೆ ಸಿಗುವುದು ಅದರಿಂದಲೇ.” ಅತ್ತಿಗೆಗೆ ಓದಿ ಹೇಳಿದೆ. ಈ ಸಲ ಕೀವಿನ ಮಾತೆತ್ತಲಿಲ್ಲ, “ಸನ್ನೆ ಯಾರಿಗೆ?” ಎಂದರು. ‘ಮೂಳೆ ಕರಗಿಸುವ ಕೋಶಗಳಿಗೆ ಸನ್ನೆ ಸಿಗುವುದು’ ಎಂದು ತಿದ್ದಿ ಕಳಿಸುತ್ತಿದ್ದೇನೆ.

ಉತ್ತರ:

ಪೊರೆ ಬರುವುದು ಕಣ್ಣಿಗೆ. ‘ನಾರುಪಟ್ಟಿ’ ಎನ್ನಬಹುದಿತ್ತು.