ಪದ ಬೇಕು, ಅರ್ಜೆಂಟ್: ಸ್ಪೇಸ್ ಟವರ್‌ಗೆ ಕನ್ನಡದಲ್ಲಿ ಏನಂತೀರಾ?

ಎಲ್ರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದಲ್ಲಿ ನಮ್ಮ ಶಾಲೆ ವಿಜ್ಞಾನ ಪ್ರದರ್ಶನಕ್ಕೆ ಫ್ಲೆಕ್ಸ್ ಮಾಡಿಸ್ಬೇಕು, ಪ್ರಿಂಟ್‌ನವ್ರು ನಾಳೆ ಬೆಳಿಗ್ಗೆ ಮ್ಯಾಟರ್ ಕೇಳಿದಾರೆ. 20 ಕಿಮೀ ಎತ್ತರದ ಟವರ್ ಕಟ್ಟಿದ್ರೆ ಏನೇನಕ್ಕೆ ಬರತ್ತೆ ಅಂತ ಮಕ್ಕಳು ಥರ್ಮಾಕೋಲ್‌ನಲ್ಲಿ ಮಾಡೆಲ್ ಮಾಡಿದಾರೆ. ಗಾಳಿಯ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ಕೆಳಗೇ ಉಳಿಯೋದ್ರಿಂದ ತುದೀಲಿ ಟೆಲಿಸ್ಕೋಪು, ಸುಮಾರು 500 ಕಿಮೀ ದೂರಕ್ಕೆ ಮರೆಯಿಲ್ದೆ ಸಿಗ್ನಲ್ ಕೊಡೋ ಆಂಟೆನಾ, ಅಲ್ಲಿಂದ್ಲೇ ರಾಕೆಟ್ ಹಾರಿಸೋದು. "ಆಕಾಶ ಗೋಪುರ" ಅಂತ ಬರ್ದೆ, ಒಬ್ಳು ಹುಡುಗಿ "ಮಿಸ್, ಅದು ದೇವಸ್ಥಾನದ್ದಲ್ವಾ" ಅಂದ್ಲು.

ಮಧುಗಿರಿಯಿಂದ:
ಮೇಡಂ, ಹುಡುಗಿ ಹೇಳಿದ್ದೇ ಸರಿ. ಗೋಪುರ ಬೇಡ. ಹೊಲ ಕಾಯೋಕೆ ನಾಲ್ಕು ಗಳ ನೆಟ್ಟು ಕಟ್ತೀವಲ್ಲ, ಅಟ್ಟಣೆ, ಅದೇ ಇದು. ಮೇಲೆ ಕೂತು ದೂರ ನೋಡ್ತೀವಿ, ಪಕ್ಕದ ಹೊಲದವ್ರಿಗೆ ಕೂಗ್ತೀವಿ, ಗಿಳಿ ಬಂದ್ರೆ ಕವಣೆ ಬೀಸ್ತೀವಿ. ನಿಮ್ಮ ಮಕ್ಕಳ ಮೂರು ಉಪಯೋಗಾನೂ ಅದ್ರಲ್ಲೇ ಇದೆ. ಬಾನಟ್ಟಣೆ ಅಂತ ಬರೀರಿ.

ಕೆಜಿಎಫ್‌ನಿಂದ:
ಅಟ್ಟ ಸಂಸ್ಕೃತದಲ್ಲೂ ಇದೆ ಸರ್, ಕಾವಲು ಗೋಪುರ ಅನ್ನೋ ಅರ್ಥದಲ್ಲೇ. ಮತ್ತೆ ಕವಣೆ ಹೋಲಿಕೆ ತಪ್ಪು ದಾರಿ ಹಿಡಿಸತ್ತೆ, 20 ಕಿಮೀ ಮೇಲಿಂದ ಕಲ್ಲು ಬಿಟ್ರೆ ಕೆಳಗೇ ಬೀಳೋದು, ಕಕ್ಷೆಗೆ ಬೇಕಾದ ಸೆಕೆಂಡಿಗೆ ಸುಮಾರು 7.8 ಕಿಮೀ ವೇಗಾನ ರಾಕೆಟ್ಟೇ ಕೊಡ್ಬೇಕು. ಇನ್ನೊಂದು, ಮೇಡಂ, ಸ್ಪೇಸ್ ಲಿಫ್ಟ್‌ಗೂ ಇದೇ ಪದ ಹಾಕ್ಬೇಡಿ. ಟವರ್ ಕೆಳಗಿಂದ ಎದ್ದು ನಿಲ್ಲೋದು, 1895ರಲ್ಲಿ ರಷ್ಯಾದ ವಿಜ್ಞಾನಿ ತ್ಸಿಯೋಲ್ಕೊವ್‌ಸ್ಕಿ ಯೋಚಿಸಿದ್ದು ಅಂಥದ್ದು. ಲಿಫ್ಟ್ 35,786 ಕಿಮೀ ಎತ್ತರದ ಭೂಸ್ಥಿರ ಕಕ್ಷೆಯಿಂದ (ಅಲ್ಲಿರೋದು ಭೂಮಿ ಜೊತೆಗೇ ಸುತ್ತಿ ಒಂದೇ ಜಾಗದ ಮೇಲಿರತ್ತೆ) ಇಳಿಬಿಟ್ಟ ಹಗ್ಗ. ಇಲ್ಲಿ ಚಾಂಪಿಯನ್ ರೀಫ್ ಗಣಿ 3 ಕಿಮೀಗೂ ಹೆಚ್ಚು ಆಳ, ನಮ್ಮಪ್ಪ ದಿನಾ ಗಣಿಯ ಲಿಫ್ಟು, ಅಂದ್ರೆ ಕೇಜ್‌ನಲ್ಲಿ ಮೈಗೆ ಮೈ ತಾಗಿಸಿ ನಿಂತು ಇಳೀತಿದ್ರು, ಅದನ್ನ ಹಿಡಿದಿದ್ದು ಮೇಲಿನ ಹಗ್ಗ. ಇಳಿಯೋ ಬಾವಿಗೆ ಶಾಫ್ಟು, ಲಿಫ್ಟಿಗೆ ಕೇಜು ಅಂತ್ಲೇ ತಲೆತಲಾಂತರ ಗಣಿ ನಡೀತು, ಯಾರ ಮಾತೂ ಕೆಡ್ಲಿಲ್ಲ. ಟವರ್ ಅಂತ್ಲೇ ಬರೀರಿ.

ಮಧುಗಿರಿಯಿಂದ:
ಕೆಟ್ಟಿದೆ, ಅದಕ್ಕೇ ಮಕ್ಕಳಿಗೆ ಅಟ್ಟಣೆ ಗೊತ್ತಿಲ್ಲ. ಸಂಸ್ಕೃತದಲ್ಲಿದೆ ಅಂದ ಮಾತ್ರಕ್ಕೆ ನಮ್ದಲ್ವಾ? ಅಟ್ಟದ ಮೇಲೆ ಹುಣಸೆಹಣ್ಣಿನ ಗಡಿಗೆ ಇಡೋ ಅಜ್ಜೀನ ಕೇಳಿ.

ಕೆಜಿಎಫ್‌ನಿಂದ:
ಅಜ್ಜೀನೂ ಮೊಬೈಲ್ ಟವರ್ ಅಂತ್ಲೇ ಅನ್ನೋದು ಸರ್.

ಚಿಕ್ಕಬಳ್ಳಾಪುರದಿಂದ:
ಇಬ್ರಿಗೂ ಥ್ಯಾಂಕ್ಸ್. ದೊಡ್ಡಕ್ಷರದಲ್ಲಿ ಬಾನಟ್ಟಣೆ, ಕೆಳಗೆ ಚಿಕ್ಕದಾಗಿ ಸ್ಪೇಸ್ ಟವರ್ ಅಂತ ಕಳಿಸ್ದೆ. ಆದ್ರೆ ಹಗ್ಗದ ಮಾಡೆಲ್ಲೂ ಇದೆ, ಎಂಟನೇ ಕ್ಲಾಸಿನವ್ರದ್ದು, ಪಕ್ಕದ ಟೇಬಲ್‌ನಲ್ಲಿ. ಅದಕ್ಕೇನು ಬರೀಲಿ, ಇವತ್ತು ರಾತ್ರಿ ಒಳಗೆ ಹೇಳಿ.